ನೆಲವನ್ನು ಪೂಜಿಸುವವರ ಬಾಗಿಲು ಯಾರಿಗೆ ತೆರೆದಿದೆ?

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಣ್ಣು, ಗೊಬ್ಬರ, ಬೆಳೆರೋಗಗಳ ಬಗ್ಗೆ ಮಾತನಾಡಬೇಕಾದ ಕೃಷಿ ವಿಜ್ಞಾನಿ ಯುರೋಪು, ಅಮೆರಿಕಗಳ ಹೊಸ ಧರ್ಮವೊಂದರ ಬಗ್ಗೆ ಮಾತನಾಡಲು ಹೊರಟಿರುವುದೇಕೆಂದು ತಮಗೆ ಅನ್ನಿಸಬಹುದು. ಕಾರಣ ಇಷ್ಟೆ. ಪರಿಸರದ ಪರವಾಗಿ ದನಿಯೆತ್ತುವ ನಾವು ‘ನೆಲ’, ‘ಬೇರು’, ‘ಮೂಲ’, ‘ಹೊರಗಿನದು’ ಎಂಬ ಪದಗಳನ್ನು ದಿನವೂ ಬಳಸುತ್ತೇವೆ. ಇವೇ ಪದಗಳನ್ನು ತಮ್ಮ ಆರಾಧನೆಯ ಕೇಂದ್ರದಲ್ಲಿಟ್ಟುಕೊಂಡ ಸಮುದಾಯಗಳು ಕಳೆದ ಏಳು ದಶಕಗಳಲ್ಲಿ ಪಶ್ಚಿಮದ ದೇಶಗಳಲ್ಲಿ ಬೆಳೆದುಬಂದಿವೆ. ನಿಸರ್ಗವನ್ನು ಪೂಜಿಸುವವರು ಮನುಷ್ಯರನ್ನೂ ಸಮನಾಗಿ ಕಾಣುತ್ತಾರೆಯೇ ಎಂಬ ಪ್ರಶ್ನೆಗೆ ಅವರ ಅನುಭವದಲ್ಲಿ ಒಂದು ಉತ್ತರವಿದೆ. ಆ ಉತ್ತರ ನಮಗೂ ಉಪಯುಕ್ತವೆಂಬುದು ನನ್ನ ನಂಬಿಕೆ.

ಈ ಧರ್ಮಗಳನ್ನು ಒಟ್ಟಾಗಿ ‘ಪೇಗನ್’ ಎಂದು ಕರೆಯುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ‘ಪಾಗಾನುಸ್’ ಎಂದರೆ ಹಳ್ಳಿಗಾಡಿನವನು. ರೋಮ್ ಸಾಮ್ರಾಜ್ಯವು ಕ್ರೈಸ್ತ ಧರ್ಮವನ್ನು ಸ್ವೀಕರಿಸಿದ ಮೇಲೆ ಹಳೆಯ ದೇವತೆಗಳನ್ನು ಬಿಡದವರಿಗೆ ಈ ಹೆಸರು ಬಂದಿತು. ಒಂದು ಕಾಲದ ಬೈಗುಳವನ್ನೇ ಇಂದಿನವರು ಹೆಮ್ಮೆಯ ಹೆಸರನ್ನಾಗಿ ಇಟ್ಟುಕೊಂಡಿದ್ದಾರೆ. ವಿಶೇಷವೆಂದರೆ, ಹಳ್ಳಿಗರ ಹೆಸರಿನ ಈ ಧರ್ಮ ಹೆಚ್ಚಾಗಿ ಬೆಳೆದದ್ದು ಪಟ್ಟಣಗಳಲ್ಲಿ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ದೇವರಕಾಡು, ನಾಗಬನ, ಭೂತದ ಕಟ್ಟೆಗಳನ್ನು ಇದರೊಡನೆ ಬೆರೆಸುವುದು ಸರಿಯಲ್ಲ. ನಮ್ಮವು ತಲೆಮಾರುಗಳಿಂದ ನಡೆದುಬಂದ ಆಚರಣೆಗಳು. ಅವರವು ಶತಮಾನಗಳ ಹಿಂದೆ ಕಡಿದುಹೋದ ನೂಲನ್ನು ಗ್ರಂಥ, ಜಾನಪದ ಹಾಗೂ ಕಲ್ಪನೆಗಳ ನೆರವಿನಿಂದ ಮತ್ತೆ ಹೊಸೆದವು. ನಮ್ಮಲ್ಲಿ ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ಹುಟ್ಟು ಮತ್ತು ರೂಢಿಗಳು ಮೊದಲೇ ತೀರ್ಮಾನಿಸಿಬಿಟ್ಟಿವೆ. ಅವರಲ್ಲಿ ಬಹುತೇಕರು ಆಯ್ದುಕೊಂಡು ಬಂದವರು. ಆದುದರಿಂದ ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ಅವರು ಎಲ್ಲರೆದುರು ಕುಳಿತು ಚರ್ಚಿಸಬೇಕಾಯಿತು. ಅಲ್ಲಿಯೇ ನಾವು ಕಲಿಯಬೇಕಾದ ಪಾಠವಿರುವುದು.

ಮೊದಲು ಇಂಗ್ಲೆಂಡನ್ನು ನೋಡೋಣ. ಮಾಟಗಾರಿಕೆಯ ವಿರುದ್ಧದ ಹಳೆಯ ಕಾಯಿದೆ ಅಲ್ಲಿ 1951ರಲ್ಲಿ ರದ್ದಾಯಿತು. 1954ರಲ್ಲಿ ಜೆರಾಲ್ಡ್ ಗಾರ್ಡ್ನರ್ ಎಂಬವರು ‘ವಿಚ್‌ಕ್ರಾಫ್ಟ್ ಟುಡೇ’ ಎಂಬ ಪುಸ್ತಕವನ್ನು ಪ್ರಕಟಿಸಿ, ಮುಂದೆ ‘ವಿಕ್ಕಾ’ ಎಂದು ಪ್ರಸಿದ್ಧವಾದ ಪಂಥವನ್ನು ಬೆಳಕಿಗೆ ತಂದರು. ಸಣ್ಣ ಗುಂಪು, ದೀಕ್ಷೆ, ಋತುಹಬ್ಬಗಳು, ಒಬ್ಬ ದೇವಿ ಮತ್ತು ಒಬ್ಬ ದೇವ ಅದರ ಚೌಕಟ್ಟು. ಚರ್ಚುಗಳಲ್ಲಿ ಹೆಂಗಸರಿಗೆ ಪೌರೋಹಿತ್ಯವೇ ಅಪರೂಪವಾಗಿದ್ದ ಕಾಲದಲ್ಲಿ ಪ್ರಧಾನ ಪುರೋಹಿತೆಯ ಸ್ಥಾನವನ್ನು ಅದು ಹೆಂಗಸಿಗೆ ಕೊಟ್ಟಿತು. ಇದು ದೊಡ್ಡ ತೆರವು. ಆದರೆ ಗಂಡು-ಹೆಣ್ಣು ಜೋಡಿಯೇ ಸೃಷ್ಟಿಯ ಮೂಲವೆಂಬ ಅದರ ತತ್ತ್ವದಲ್ಲಿ ಸಲಿಂಗ ಪ್ರೇಮಿಗಳಿಗೂ ಲಿಂಗಾಂತರಿಗಳಿಗೂ ಸ್ಥಳವೆಲ್ಲಿ ಎಂಬ ಪ್ರಶ್ನೆ ಬೇಗನೆ ಎದ್ದಿತು. ಒಂದು ಬಾಗಿಲು ತೆರೆದಾಗ ಪಕ್ಕದ ಬಾಗಿಲು ಮುಚ್ಚಿರುವುದು ಕಾಣತೊಡಗಿತು.

ಎರಡನೆಯ ಉದಾಹರಣೆ ಕ್ಯಾಲಿಫೋರ್ನಿಯಾದ ‘ರಿಕ್ಲೇಮಿಂಗ್’ ಸಮುದಾಯ. 1970ರ ದಶಕದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟಾರ್‌ಹಾಕ್ ಎಂಬ ಲೇಖಕಿ ಮತ್ತು ಅವರ ಗೆಳತಿಯರು ನಡೆಸಿದ ತರಗತಿಗಳಿಂದ ಇದು ಬೆಳೆಯಿತು. ನಮ್ಮಂಥ ಚಳವಳಿಗಾರರಿಗೆ ಇದು ಹತ್ತಿರವೆನಿಸುತ್ತದೆ. ಏಕೆಂದರೆ 1981ರಲ್ಲಿ ಡಯಾಬ್ಲೋ ಕ್ಯಾನ್ಯನ್ ಅಣುಸ್ಥಾವರದ ಎದುರು ನಡೆದ ಅಹಿಂಸಾತ್ಮಕ ತಡೆ ಚಳವಳಿಯಲ್ಲಿ ಈ ಗುಂಪಿನವರು ಭಾಗವಹಿಸಿದ್ದರು. ಬಹುಮತದ ಬದಲು ಎಲ್ಲರ ಒಪ್ಪಿಗೆಯಿಂದ ತೀರ್ಮಾನಕ್ಕೆ ಬರುವ ಪದ್ಧತಿ ಚಳವಳಿಯಲ್ಲೂ ಆರಾಧನೆಯಲ್ಲೂ ಅವರಿಗೆ ಒಂದೇ ಆಯಿತು. 1997ರಲ್ಲಿ ಅವರು ‘ಐಕ್ಯದ ತತ್ತ್ವಗಳು’ ಎಂಬ ಸಣ್ಣ ಹೇಳಿಕೆಯೊಂದನ್ನು ಸಿದ್ಧಪಡಿಸಿದರು. ಅದರಲ್ಲಿ ‘ದೇವಿ ಮತ್ತು ದೇವ’ ಎಂಬ ಜೋಡಿಪದವಿತ್ತು. 2012ರಲ್ಲಿ ಅದನ್ನು ತಿದ್ದಿ, ಹಲವು ಲಿಂಗಭಾವದ ದೇವತೆಗಳನ್ನು ಒಳಗೊಳ್ಳುವ ಮಾತನ್ನು ಸೇರಿಸಲಾಯಿತು. ಕೆಲವು ಹಿರಿಯರಿಗೆ ಇದು ನೋವುಂಟುಮಾಡಿತು. ದೇವಿಯನ್ನು ದಕ್ಕಿಸಿಕೊಳ್ಳಲು ಹೋರಾಡಿದವರು ಅವರು. ಅವರ ನೋವೂ ಸುಳ್ಳಲ್ಲ, ಹೊರಗೆ ನಿಂತವರ ನೋವೂ ಸುಳ್ಳಲ್ಲ. ಎಲ್ಲರನ್ನೂ ಒಳಗೊಳ್ಳುವುದೆಂದರೆ ಎಲ್ಲರನ್ನೂ ಮೆಚ್ಚಿಸುವುದೆಂದು ತಿಳಿದವರು ಇದನ್ನು ಗಮನಿಸಬೇಕು.

ಇದೇ ಸಮುದಾಯದ ಇನ್ನೊಂದು ನಿಯಮ ಸರಳವಾದದ್ದು, ಆದರೆ ಮಹತ್ವದ್ದು. ಅವರ ಸಾರ್ವಜನಿಕ ಆಚರಣೆಗಳಲ್ಲಿ ಮದ್ಯಕ್ಕೂ ಮಾದಕ ವಸ್ತುಗಳಿಗೂ ಅವಕಾಶವಿಲ್ಲ. ಕುಡಿತ ಬಿಡಲು ಹೆಣಗುತ್ತಿರುವವರೂ ಅಂಜಿಕೆಯಿಲ್ಲದೆ ಬರಬೇಕೆಂಬುದು ಇದರ ಉದ್ದೇಶ. ಶಿಬಿರಗಳಿಗೆ ಆದಾಯಕ್ಕೆ ತಕ್ಕಂತೆ ಹೆಚ್ಚು-ಕಡಿಮೆ ಶುಲ್ಕ ಕೊಡುವ ವ್ಯವಸ್ಥೆಯೂ ಉಂಟು. ‘ಎಲ್ಲರಿಗೂ ಸ್ವಾಗತ’ ಎಂಬ ಫಲಕಕ್ಕಿಂತ ಇಂತಹ ಏರ್ಪಾಡುಗಳು ಹೆಚ್ಚು ಜನರನ್ನು ಒಳಗೆ ತರುತ್ತವೆ. ಆದರೂ ಅಮೆರಿಕದ ಪೇಗನ್ ಸಭೆಗಳಲ್ಲಿ ಬಹುಪಾಲು ಬಿಳಿಯರೇ ಕಾಣುತ್ತಾರೆಂಬುದನ್ನು ಅವರೇ ಒಪ್ಪಿಕೊಂಡು ಚರ್ಚಿಸುತ್ತ ಬಂದಿದ್ದಾರೆ.

ಕ್ಯಾಲಿಫೋರ್ನಿಯಾದಲ್ಲೇ ಪ್ರತಿವರ್ಷ ‘ಪ್ಯಾಂಥಿಯಾಕಾನ್’ ಎಂಬ ದೊಡ್ಡ ಸಮಾವೇಶ ನಡೆಯುತ್ತಿತ್ತು. 2020ರಲ್ಲಿ ಅದು ಕೊನೆಗೊಂಡಿತು. 2011ರ ಸಮಾವೇಶದಲ್ಲಿ ಹೆಂಗಸರಿಗೆಂದು ಏರ್ಪಡಿಸಿದ್ದ ಪೂಜೆಯೊಂದರ ಬಾಗಿಲಿನಿಂದ ಲಿಂಗಾಂತರಿ ಮಹಿಳೆಯರನ್ನು ಹಿಂದಕ್ಕೆ ಕಳುಹಿಸಲಾಯಿತು. ಮರುವರ್ಷ ಅಂತಹುದೇ ನಿರ್ಬಂಧವಿದ್ದ ಇನ್ನೊಂದು ಪೂಜೆ ನಡೆದಾಗ, ಅನೇಕರು ಅದರ ಬಾಗಿಲಿನ ಹೊರಗೆ ಮೌನವಾಗಿ ಧ್ಯಾನಕ್ಕೆ ಕುಳಿತರು. ಘೋಷಣೆಯಿಲ್ಲ, ತಳ್ಳಾಟವಿಲ್ಲ. ಸತ್ಯಾಗ್ರಹದ ನಾಡಿನವರಾದ ನಮಗೆ ಆ ಮೌನದ ಅರ್ಥ ತಿಳಿಯುತ್ತದೆ. ಆ ಬಳಿಕ ಹಲವು ಗುಂಪುಗಳು ತಮ್ಮ ನಿಯಮಗಳನ್ನು ಮತ್ತೆ ಓದಿಕೊಳ್ಳಬೇಕಾಯಿತು.

ಮೂರನೆಯ ಉದಾಹರಣೆ ಐಸ್‌ಲ್ಯಾಂಡ್. ಸುಮಾರು ಕ್ರಿ.ಶ. 1000ರಲ್ಲಿ ಅಲ್ಲಿನ ಜನಸಭೆ ಕ್ರೈಸ್ತ ಧರ್ಮವನ್ನು ಅಂಗೀಕರಿಸಿತು. 1972ರ ವಸಂತದಲ್ಲಿ, ‘ಬೇಸಿಗೆಯ ಮೊದಲ ದಿನ’ವೆಂದು ಅವರು ಆಚರಿಸುವ ಹಬ್ಬದಂದು, ಕೆಲವೇ ಮಂದಿ ಕೂಡಿ ಹಳೆಯ ದೇವತೆಗಳ ಆರಾಧನೆಗಾಗಿ ಆಸಾತ್ರೂ ಸಂಘವನ್ನು ಕಟ್ಟಿದರು. ಅದರ ಮುಖಂಡ ಸ್ವೇನ್‌ಬ್ಯೋರ್ನ್ ಬೇನ್‌ಟೇನ್ಸನ್ ಕುರಿ ಸಾಕುವ ರೈತ. ಹಳೆಯ ಛಂದಸ್ಸಿನ ಪದ್ಯಗಳನ್ನು ರಾಗವಾಗಿ ಹಾಡುವ ಕವಿ. ಅಲ್ಲಿನ ಬಿಷಪ್ಪರ ವಿರೋಧವಿದ್ದರೂ 1973ರಲ್ಲಿ ಸರ್ಕಾರ ಸಂಘಕ್ಕೆ ಮಾನ್ಯತೆ ನೀಡಿತು. ಮದುವೆ, ನಾಮಕರಣ, ಶವಸಂಸ್ಕಾರಗಳನ್ನು ಕಾನೂನುಬದ್ಧವಾಗಿ ನಡೆಸುವ ಅಧಿಕಾರವೂ, ಸದಸ್ಯರ ಲೆಕ್ಕದಲ್ಲಿ ತೆರಿಗೆಯ ಪಾಲೂ ದೊರೆತವು. ಮೊದಲ ವರ್ಷಗಳಲ್ಲಿ ನೂರು ಮಂದಿಯೂ ಇಲ್ಲದಿದ್ದ ಸಂಘದಲ್ಲಿ ಇಂದು ಐದು ಸಾವಿರಕ್ಕೂ ಹೆಚ್ಚು ಸದಸ್ಯರಿದ್ದಾರೆ. ನಾಲ್ಕು ಲಕ್ಷದಷ್ಟು ಜನಸಂಖ್ಯೆಯ ದೇಶದಲ್ಲಿ ಇದು ಸಣ್ಣ ಸಂಖ್ಯೆಯಲ್ಲ.

ಅವರ ಮುಖ್ಯ ಆಚರಣೆಗೆ ‘ಬ್ಲೋಟ್’ ಎಂದು ಹೆಸರು. ಬಯಲಿನಲ್ಲಿ ಬೆಂಕಿಯ ಸುತ್ತ ಜನ ಸೇರುತ್ತಾರೆ. ಪಾನೀಯ ತುಂಬಿದ ಕೊಂಬೊಂದು ಕೈಯಿಂದ ಕೈಗೆ ಸಾಗುತ್ತದೆ. ಕೊಂಬು ಕೈಗೆ ಬಂದವರು ದೇವತೆಗಳನ್ನೋ, ಹಿರಿಯರನ್ನೋ, ನೆಲವನ್ನೋ ನೆನೆಯುತ್ತಾರೆ. ಬಳಿಕ ಸಹಭೋಜನ. ಇಲ್ಲಿ ಪ್ರಾಣಿಬಲಿಯಿಲ್ಲ, ಅದನ್ನು ಸಂಘವು ಸ್ಪಷ್ಟವಾಗಿ ತಿರಸ್ಕರಿಸಿದೆ. ಸೇರಬಯಸುವವರ ವಂಶವೃಕ್ಷವನ್ನು ಯಾರೂ ಕೇಳುವುದಿಲ್ಲ. ಮತಪ್ರಚಾರವೂ ಇಲ್ಲ. 2010ರಲ್ಲಿ ದೇಶದ ಕಾನೂನು ಸಲಿಂಗ ವಿವಾಹಕ್ಕೆ ಒಪ್ಪಿಗೆ ನೀಡಿತು. ಸಂಘದ ಪುರೋಹಿತರು ಅಂತಹ ವಿವಾಹಗಳನ್ನೂ ನೆರವೇರಿಸುತ್ತಾರೆ. 2015ರಲ್ಲಿ ರಾಜಧಾನಿ ರೇಕ್ಯಾವಿಕ್‌ನ ಗುಡ್ಡವೊಂದರ ಮೇಲೆ ಅವರು ಕಟ್ಟಲು ಹೊರಟ ದೇವಾಲಯದ ಸುದ್ದಿ ಪ್ರಪಂಚದಾದ್ಯಂತ ಹರಡಿದಾಗ, ಇದೇ ಕಾರಣಕ್ಕಾಗಿ ಹೊರದೇಶಗಳ ‘ಶುದ್ಧ’ ಆಸಾತ್ರೂಗಳಿಂದ ದ್ವೇಷದ ಪತ್ರಗಳು ಬಂದವು. ಸಂಘದ ಮುಖಂಡರೂ ಸಂಗೀತ ಸಂಯೋಜಕರೂ ಆದ ಹಿಲ್ಮರ್ ಓರ್ನ್ ಹಿಲ್ಮರ್ಸನ್ ಇದನ್ನು ಬಹಿರಂಗಪಡಿಸಿದರು. ಜನಾಂಗದ ಮೇಲರಿಮೆ ಮತ್ತು ಯುದ್ಧೋನ್ಮಾದಗಳಿಗೆ ತಮ್ಮ ಧರ್ಮವನ್ನು ಬಳಸುವುದನ್ನು ಒಪ್ಪುವುದಿಲ್ಲವೆಂದು ಸಂಘ ಲಿಖಿತವಾಗಿಯೇ ಸಾರಿದೆ.

ಯಾರು ಈ ‘ಶುದ್ಧ’ರು? ಒಬ್ಬೊಬ್ಬರ ಧರ್ಮ ಅವರವರ ರಕ್ತದಲ್ಲಿದೆ, ಉತ್ತರ ಯುರೋಪಿನ ದೇವತೆಗಳು ಅಲ್ಲಿನ ವಂಶದವರಿಗೆ ಮಾತ್ರ ಎಂದು ವಾದಿಸುವವರು. 2016ರ ಆಗಸ್ಟ್‌ನಲ್ಲಿ ಅಮೆರಿಕದ ‘ಆಸಾತ್ರೂ ಫೋಕ್ ಅಸೆಂಬ್ಲಿ’ ಬಿಳಿಯ ಕುಟುಂಬ ಹಾಗೂ ಗಂಡು-ಹೆಣ್ಣುಗಳ ಸಾಂಪ್ರದಾಯಿಕ ಪಾತ್ರಗಳೇ ತನ್ನ ಆದರ್ಶವೆಂದು ಪ್ರಕಟಿಸಿತು. ಕೆಲವೇ ವಾರಗಳಲ್ಲಿ, ಆ ಸಂಸ್ಥೆಯೊಡನೆ ಸಂಬಂಧವಿಲ್ಲವೆಂದು ಸಾರುವ ‘ಘೋಷಣೆ 127’ ಹೊರಬಂದು, ಹಲವು ದೇಶಗಳ ಸಮಾನಧರ್ಮೀಯ ಸಂಘಗಳು ಅದಕ್ಕೆ ಸಹಿ ಹಾಕಿದವು. ‘ಹಾವಮಾಲ್’ ಎಂಬ ಪ್ರಾಚೀನ ಕಾವ್ಯದ 127ನೆಯ ಪದ್ಯ ಕೆಡುಕನ್ನು ಕಂಡಾಗ ಸುಮ್ಮನಿರಬಾರದೆಂದು ಬೋಧಿಸುತ್ತದೆ. ಹೆಸರು ಅಲ್ಲಿಂದ ಬಂದದ್ದು.

ಒಬ್ಬ ಕೃಷಿ ವಿಜ್ಞಾನಿಯಾಗಿ ನಾನು ಮಾತನಾಡಬೇಕಾದ ಸ್ಥಳ ಇದು. ರಕ್ತವಾದಿಗಳ ಮಾತು ಕೇಳುವುದಕ್ಕೆ ಪರಿಸರ ಶಾಸ್ತ್ರದಂತೆಯೇ ಇರುತ್ತದೆ: ಪ್ರತಿ ನೆಲಕ್ಕೂ ಅದರದೇ ಸಸ್ಯ, ಪ್ರತಿ ನೆಲಕ್ಕೂ ಅದರದೇ ಜನ. ನಾವೂ ಲಂಟಾನ, ಯುಪಟೋರಿಯಂಗಳನ್ನು ಕಿತ್ತೊಗೆಯುವವರು. ಐಸ್‌ಲ್ಯಾಂಡಿನಲ್ಲಿಯೂ ಅಂತಹ ಸಮಸ್ಯೆಯುಂಟು. ಮರ ಕಡಿತ ಮತ್ತು ಕುರಿ ಮೇಯಿಸುವಿಕೆಯಿಂದ ಅಲ್ಲಿನ ಬರ್ಚ್ ಕಾಡು ನಾಶವಾಗಿ ಮಣ್ಣು ಕೊಚ್ಚಿಹೋಯಿತು. ಬರಡು ನೆಲವನ್ನು ಸರಿಪಡಿಸಲು 1945ರಲ್ಲಿ ಅಲಾಸ್ಕಾದಿಂದ ಲುಪಿನ್ ಎಂಬ ದ್ವಿದಳ ಸಸ್ಯವನ್ನು ತಂದರು. ಅದು ಮಣ್ಣಿಗೆ ಸಾರಜನಕ ಸೇರಿಸಿತು, ಸವೆತ ತಡೆಯಿತು. ಜೊತೆಗೆ ಸ್ಥಳೀಯ ಗಿಡಗಳನ್ನು ಮುಚ್ಚಿಹಾಕುತ್ತ ಹಬ್ಬಿತು. ಇಂದಿಗೂ ಅಲ್ಲಿ ಅದರ ಬಗ್ಗೆ ವಾದವಿದೆ.

ಸಸ್ಯಗಳ ವಿಷಯದಲ್ಲಿ ‘ಸ್ಥಳೀಯ’, ‘ಪರಕೀಯ’ ಎಂಬ ವಿಂಗಡಣೆಗೆ ಅರ್ಥವಿದೆ. ಅದನ್ನು ಮನುಷ್ಯರ ಮೇಲೆ ಹೇರಿದ ಕೂಡಲೇ ಅದು ವಿಜ್ಞಾನವಾಗಿ ಉಳಿಯುವುದಿಲ್ಲ. ಲುಪಿನ್ ಮತ್ತು ಬರ್ಚ್ ಬೇರೆ ಬೇರೆ ಜಾತಿಯ ಜೀವಿಗಳು. ಮನುಷ್ಯರೆಲ್ಲ ಒಂದೇ ಜಾತಿ. ಗಿಡ ತನ್ನ ಹರಡುವಿಕೆಯ ಬಗ್ಗೆ ಯೋಚಿಸಲಾರದು. ಮನುಷ್ಯ ತಾನು ಬಂದ ನೆಲದ ರೀತಿಯನ್ನು ಕಲಿತು, ಅದರ ಹೊಣೆ ಹೊರಬಲ್ಲ. ‘ಶುದ್ಧ ಉತ್ತರದವರು’ ಎನ್ನಲಾಗುವ ಐಸ್‌ಲ್ಯಾಂಡಿಗರ ತಳಿಶಾಸ್ತ್ರದ ಅಧ್ಯಯನಗಳು ತೋರಿಸಿದ್ದಾದರೂ ಏನು? ಮೊದಲು ನೆಲೆಸಿದ ಗಂಡಸರಲ್ಲಿ ಹೆಚ್ಚಿನವರು ಸ್ಕ್ಯಾಂಡಿನೇವಿಯಾದವರು. ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬ್ರಿಟಿಷ್ ದ್ವೀಪಗಳ ಮೂಲದವರು. ಅವರ ಪುರಾಣವೂ ಬೆರಕೆಯದೇ. ಓಡಿನ್ ದೇವನ ತಾಯಿ ದೈತ್ಯಕುಲದವಳು. ಎರಡು ದೇವಕುಲಗಳು ಕಾದಾಡಿ, ಕೊನೆಗೆ ರಾಜಿಯಾಗಿ ಒಂದಾಗಿ ಬಾಳುತ್ತವೆ. ಲೋಕಿ ಎಂಬವನು ಹೆಣ್ಣು ಕುದುರೆಯಾಗಿ ಮರಿಯನ್ನೂ ಹೆರುತ್ತಾನೆ. ಇಂತಹ ಪುರಾಣದಲ್ಲಿ ಶುದ್ಧತೆಯನ್ನು ಹುಡುಕುವವರು ಅದನ್ನು ಪೂರ್ತಿ ಓದಿಲ್ಲವೆಂದೇ ಹೇಳಬೇಕು.

ಸಮುದಾಯದ ನಿಜವಾದ ಅಗತ್ಯ ಹಬ್ಬದ ದಿನಕ್ಕಿಂತ ಸಾವಿನ ದಿನ ತಿಳಿಯುತ್ತದೆ. ಅಫ್ಘಾನಿಸ್ತಾನದಲ್ಲಿ 2005ರಲ್ಲಿ ಮಡಿದ ವಿಕ್ಕಾ ಪಂಥದ ಅಮೆರಿಕನ್ ಸೈನಿಕನೊಬ್ಬನ ಸ್ಮಾರಕ ಫಲಕದ ಮೇಲೆ ಅವನ ಧರ್ಮದ ಪಂಚಕೋನ ನಕ್ಷತ್ರವನ್ನು ಕೆತ್ತಲು ಸರ್ಕಾರ ಒಪ್ಪಲಿಲ್ಲ. ಅವನ ಹೆಂಡತಿ ಹೋರಾಡಿದಳು. ತಮ್ಮತಮ್ಮಲ್ಲಿ ಒಮ್ಮತವಿಲ್ಲದ ಪೇಗನ್ ಗುಂಪುಗಳು ಅವಳ ಬೆನ್ನಿಗೆ ನಿಂತವು, ಅನ್ಯಧರ್ಮೀಯರೂ ಬೆಂಬಲಿಸಿದರು. 2007ರ ಏಪ್ರಿಲ್‌ನಲ್ಲಿ ಸರ್ಕಾರ ಒಪ್ಪಿತು. ಚಿಹ್ನೆಗಳ ಪಟ್ಟಿಗೆ ಇನ್ನೊಂದು ಚಿಹ್ನೆ ಸೇರಿದ್ದರಿಂದ ಉಳಿದ ಯಾವ ಧರ್ಮಕ್ಕೂ ನಷ್ಟವಾಗಲಿಲ್ಲ.

ಮಿತ್ರರೇ, ಈ ಎಲ್ಲದರಿಂದ ನನಗೆ ತಿಳಿದುಬಂದದ್ದು ಒಂದೇ ವಿಷಯ. ನೆಲದ ಮೇಲಿನ ಭಕ್ತಿ ತಾನಾಗಿಯೇ ಮನುಷ್ಯರನ್ನು ಉದಾರಿಗಳನ್ನಾಗಿ ಮಾಡುವುದಿಲ್ಲ. ಒಂದೇ ದೇವತೆ, ಒಂದೇ ಪುರಾಣ, ಒಂದೇ ಕೊಂಬು ಹಿಡಿದವರಲ್ಲಿ ಕೆಲವರು ಬಾಗಿಲು ತೆರೆದರು, ಕೆಲವರು ಬೇಲಿ ಹಾಕಿದರು. ತೆರೆದವರು ಹಾಗೆ ತೀರ್ಮಾನಿಸಿದರು, ಬರೆದಿಟ್ಟರು, ಆಕ್ಷೇಪ ಬಂದಾಗ ತಿದ್ದಿದರು.

ನಮ್ಮ ಮಲೆನಾಡಿನ ಕಾಫಿ ತೋಟಗಳಿಗೆ ಇಂದು ಅಸ್ಸಾಂನಂತಹ ದೂರದ ರಾಜ್ಯಗಳಿಂದಲೂ ಕಾರ್ಮಿಕರು ಬರುತ್ತಿದ್ದಾರೆ. ಅವರೂ ಇದೇ ಹೊಳೆಯ ನೀರು ಕುಡಿಯುವವರು. ಗುಡ್ಡ ಕುಸಿದರೆ ಮೊದಲು ಮಣ್ಣುಪಾಲಾಗುವುದು ಇಳಿಜಾರಿನ ಕೆಳಗಿರುವ ಲೈನ್ ಮನೆಗಳೇ. ಗ್ರಾಮ ಅರಣ್ಯ ಸಮಿತಿಯ ಸಭೆಗೆ, ದೇವರಕಾಡಿನ ರಕ್ಷಣೆಯ ಕೆಲಸಕ್ಕೆ, ನಮ್ಮ ಈ ಶಿಬಿರಗಳಿಗೆ ಅವರನ್ನು ಕರೆದಿದ್ದೇವೆಯೇ? ನಮ್ಮ ಊರಿನ ದಲಿತರ ಕೇರಿಯವರು ಬನದ ಯಾವ ಗೆರೆಯವರೆಗೆ ಬರುತ್ತಾರೆ? ಸಭೆಯ ಹೊತ್ತನ್ನು ಗೊತ್ತುಮಾಡುವಾಗ ಹೆಂಗಸರ ಕೆಲಸದ ಹೊತ್ತನ್ನು ಯಾರಾದರೂ ಕೇಳಿದ್ದೇವೆಯೇ?

ತಾವು ಊರಿಗೆ ಮರಳಿದ ಮೇಲೆ ಮುಂದಿನ ಸಭೆಯಲ್ಲಿ ಈ ಮೂರು ಪ್ರಶ್ನೆಗಳನ್ನು ಎತ್ತಬೇಕೆಂದೂ, ಬಂದ ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಬೇಕೆಂದೂ ವಿನಂತಿಸುತ್ತೇನೆ.