ಕಸಬರಿಗೆಯೂ ಕಾಯಕವೇ



ಬರುವ ಭಾನುವಾರದಿಂದ ಊರಿನ ಉದ್ಯಾನವನ್ನೂ ಅದರ ಸುತ್ತಲಿನ ಬೀದಿಗಳನ್ನೂ ತಾವೇ ಗುಡಿಸಿ, ಗಿಡ ನೆಟ್ಟು, ಅಂದಗೊಳಿಸಬೇಕೆಂದು ಇಲ್ಲಿಯ ಕೆಲವು ತರುಣರು ಸಂಕಲ್ಪ ಮಾಡಿದ್ದಾರೆ. ಮಠಕ್ಕೆ ಬಂದು ಆಶೀರ್ವಾದ ಬೇಡಿದ್ದಾರೆ. ಆಶೀರ್ವಾದವಂತೂ ಉಂಟು. ಅದರ ಜೊತೆಗೆ ನಾಲ್ಕು ಮಾತು ಹೇಳಬೇಕೆಂದು ನಮಗೆ ತೋರಿದೆ. ಕಸಬರಿಗೆ ಹಿಡಿಯುವುದು ಸುಲಭ. ಹಿಡಿದದ್ದನ್ನು ಆರು ತಿಂಗಳು ಬಿಡದಿರುವುದು ಕಷ್ಟ. ಹಿಡಿದೆನೆಂಬ ಅಹಂಕಾರವನ್ನು ಬಿಡುವುದು ಅದಕ್ಕಿಂತಲೂ ಕಷ್ಟ.

ಪತಂಜಲಿ ಮಹರ್ಷಿಗಳು ಯೋಗಸೂತ್ರದಲ್ಲಿ ಐದು ನಿಯಮಗಳನ್ನು ಹೇಳುವಾಗ ಮೊದಲು ಹೇಳಿದ್ದು ಶೌಚವನ್ನು. ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ ಇವೆಲ್ಲವೂ ಅದರ ನಂತರ. ಭಾಷ್ಯಕಾರರು ಈ ಶೌಚವನ್ನು ಎರಡಾಗಿ ವಿಂಗಡಿಸಿದರು. ಮಣ್ಣು ನೀರುಗಳಿಂದ ಆಗುವುದು ಬಾಹ್ಯಶೌಚ. ಚಿತ್ತದ ಮಲವನ್ನು ತೊಳೆಯುವುದು ಆಭ್ಯಂತರ ಶೌಚ. ನಾವೆಲ್ಲ ಬೆಳಗಾಗೆದ್ದು ಅಂಗಳ ಸಾರಿಸಿ, ರಂಗವಲ್ಲಿ ಹಾಕಿ, ಸ್ನಾನ ಮಾಡಿ, ವಿಭೂತಿ ಧರಿಸಿ ಇಷ್ಟಲಿಂಗ ಪೂಜೆಗೆ ಕೂಡುತ್ತೇವೆ. ಒಳ್ಳೆಯದು. ಆದರೆ ಅಂಗಳದ ಕಸ ಎಲ್ಲಿಗೆ ಹೋಯಿತು? ಹೊಸ್ತಿಲು ದಾಟಿ ಬೀದಿಗೆ ಬಂತು, ಬೀದಿಯಿಂದ ಚರಂಡಿಗೆ ಇಳಿಯಿತು. ನಮ್ಮ ಮನೆಯ ಶೌಚವು ನೆರೆಮನೆಯ ಅಶೌಚಕ್ಕೆ ಕಾರಣವಾದರೆ ಅದನ್ನು ಶೌಚವೆಂದು ಹೇಗೆ ಕರೆಯೋಣ?

ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕನವರ ಕಾಯಕವು ಶಿವಭಕ್ತರ ಮನೆಯಂಗಳ ಗುಡಿಸುವುದಾಗಿತ್ತೆಂದು ಪರಂಪರೆ ಹೇಳುತ್ತದೆ. ದಾರಿಯಲ್ಲಿ ಹೊನ್ನಾಗಲಿ ವಸ್ತ್ರವಾಗಲಿ ಬಿದ್ದಿದ್ದರೂ ಕೈಮುಟ್ಟಿ ಎತ್ತುವುದಿಲ್ಲವೆಂಬ ಭಾಷೆ ಆಕೆಯ ವಚನದಲ್ಲಿದೆ. ಇದನ್ನು ತರುಣರು ಚೆನ್ನಾಗಿ ಮನನ ಮಾಡಬೇಕು. ಕಸವೆತ್ತಲು ಬಾಗಿದ ಆ ತಾಯಿಯ ಬೆನ್ನು ಹೊನ್ನಿಗೆ ಬಾಗಲಿಲ್ಲ. ಇಂದು ನಮ್ಮ ದಾರಿಯಲ್ಲಿ ಬಿದ್ದಿರುವ ಹೊನ್ನು ಯಾವುದು? ಹೆಸರು, ಹಾರ, ತುರಾಯಿ, ಭಾವಚಿತ್ರ. ಕೈಯಲ್ಲಿ ಹೊಸ ಕಸಬರಿಗೆ, ಎದುರಿಗೆ ಮೊಬೈಲು. ಚಿತ್ರ ತೆಗೆದದ್ದಾಯಿತು, ಕಸ ಇದ್ದಲ್ಲಿಯೇ ಇದೆ. ಇಂಥ ಸೇವೆ ಬೇಡ.

ಈ ಹೊನ್ನನ್ನು ಮುಟ್ಟದೆ ದುಡಿಯುವವರು ನಮ್ಮ ಕಾಲದಲ್ಲಿಯೂ ಉಂಟು. 2010ರಲ್ಲಿ ಬೆಂಗಳೂರಿನಲ್ಲಿ ಕೆಲವರು ‘ದಿ ಅಗ್ಲಿ ಇಂಡಿಯನ್’ ಎಂಬ ಹೆಸರಿನಿಂದ ಬೀದಿಯ ಮೂಲೆಗಳನ್ನು ಶುಚಿ ಮಾಡಲು ತೊಡಗಿದರು. ಕುರೂಪಿ ಭಾರತೀಯ ಎಂದು ಅದರ ಅರ್ಥ. ಕೊಳಕಿಗೆ ಕಾರಣ ನಾವೇ ಎಂಬುದನ್ನು ಹೆಸರಿನಲ್ಲಿಯೇ ಒಪ್ಪಿಕೊಂಡರು. ತಮ್ಮ ಸ್ವಂತ ಹೆಸರುಗಳನ್ನು ಮಾತ್ರ ಹೇಳಿಕೊಳ್ಳಲಿಲ್ಲ. ‘ಕಾಮ್ ಚಾಲೂ, ಮೂಹ್ ಬಂದ್’ ಎಂಬುದು ಅವರ ಮಂತ್ರ. ಕೆಲಸ ನಡೆಯಲಿ, ಬಾಯಿ ಮುಚ್ಚಿರಲಿ ಎಂದರ್ಥ. ಅವರು ಕಸ ಬೀಳುವ ಮೂಲೆಗೆ ಹೋದೊಡನೆ ಗುಡಿಸಲು ನಿಲ್ಲುವುದಿಲ್ಲ. ಇಲ್ಲಿ ಯಾರು ಹಾಕುತ್ತಾರೆ, ಯಾವ ಹೊತ್ತಿಗೆ, ಏಕೆ ಎಂದು ಮೊದಲು ನೋಡುತ್ತಾರೆ. ಆಮೇಲೆ ಗುಡಿಸಿ, ಗೋಡೆಗೆ ಬಣ್ಣ ಬಳಿದು, ಹೂವಿನ ಕುಂಡಗಳನ್ನಿಟ್ಟು, ಆ ಅಂದ ಉಳಿಯಿತೇ ಎಂದು ಮತ್ತೆ ಬಂದು ನೋಡುತ್ತಾರೆ. ಕೊಳಕಿದ್ದಲ್ಲಿಗೇ ಕೊಳಕು ಬಂದು ಸೇರುತ್ತದೆ. ಶುಚಿಯಾದ ಗೋಡೆಯ ಮೇಲೆ ಉಗುಳಲು ಮನುಷ್ಯನ ಮನಸ್ಸು ಅಳುಕುತ್ತದೆ. ವೈದ್ಯನು ರೋಗದ ನಿದಾನವನ್ನು ತಿಳಿದು ಔಷಧ ಕೊಡುವಂತೆ ನೀವೂ ಮೊದಲು ನಿದಾನ ತಿಳಿಯಿರಿ.

ಇನ್ನು ಮುಖ್ಯವಾದ ಮಾತು. ಮೊನ್ನೆ ಹಿರಿಯ ಭಕ್ತರೊಬ್ಬರು, “ಬುದ್ಧೀ, ಗುಡಿಸುವುದಕ್ಕೆ ಪುರಸಭೆಯ ಪೌರಕಾರ್ಮಿಕರು ಇದ್ದಾರಲ್ಲ, ನಮ್ಮ ಹುಡುಗರಿಗೇಕೆ ಆ ಕೆಲಸ?” ಎಂದು ಕೇಳಿದರು. ಇದು ಹಳೆಯ ಪ್ರಶ್ನೆ. 1901ರಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನಕ್ಕೆ ಹೋದ ಗಾಂಧೀಜಿಯವರು ಅಲ್ಲಿಯ ಶೌಚಾಲಯಗಳ ದುರ್ಗಂಧವನ್ನು ಸ್ವಯಂಸೇವಕರಿಗೆ ತೋರಿಸಿದಾಗ, ಅದು ಜಾಡಮಾಲಿಗಳ ಕೆಲಸ ಎಂಬ ಉತ್ತರ ಬಂತು. ಗಾಂಧೀಜಿ ವಾದ ಮಾಡಲಿಲ್ಲ. ಕಸಬರಿಗೆ ತರಿಸಿಕೊಂಡು ತಾವೇ ಶುಚಿ ಮಾಡಿದರು. ನಮ್ಮ ನಾಡಿನಲ್ಲಿ 1970ರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 2013ರಲ್ಲಿ ಕೇಂದ್ರ ಸರ್ಕಾರವೂ ಇನ್ನೊಂದು ಕಾನೂನು ಮಾಡಿತು. ಆದರೂ ಮಲಗುಂಡಿಗಿಳಿದು ಪ್ರಾಣ ಬಿಟ್ಟವರ ಸುದ್ದಿ ನಿಂತಿಲ್ಲ. ಕಾನೂನು ತಲೆಯ ಹೊರೆಯನ್ನು ಇಳಿಸಬಲ್ಲುದು; ನೋಡುವವನ ಕಣ್ಣಿನಲ್ಲಿರುವ ಮೈಲಿಗೆಯನ್ನು ಅವನೇ ತೊಳೆದುಕೊಳ್ಳಬೇಕು.

ಭಾನುವಾರ ಒಂದು ಗಂಟೆ ಗುಡಿಸಿದವನಿಗೆ ಹಾರ ಹಾಕುತ್ತೇವೆ. ಉಳಿದ ದಿನಗಳೆಲ್ಲ ಗುಡಿಸುವ ತಾಯಿ ಬಾಯಾರಿ ಬಾಗಿಲಿಗೆ ಬಂದರೆ ಬೇರೆ ಲೋಟ ಹುಡುಕುತ್ತೇವೆ. ಹೀಗಿದ್ದಲ್ಲಿ ಉದ್ಯಾನ ಎಷ್ಟು ಅಂದವಾದರೇನು? ಪಂಚಾಚಾರಗಳಲ್ಲಿ ಭೃತ್ಯಾಚಾರವೆಂದು ಒಂದುಂಟು. ನಾನು ಎಲ್ಲರಿಗಿಂತ ಕಿರಿಯನು, ಸೇವಕನು ಎಂಬ ನಡೆಯೇ ಭೃತ್ಯಾಚಾರ. ಸಂಬಳಕ್ಕಾಗಿ ಗುಡಿಸುವವಳಿಗಿಂತ ಪುಕ್ಕಟೆಯಾಗಿ ಗುಡಿಸುವ ನಾನು ಮೇಲೆಂದು ಬಗೆದ ಕ್ಷಣವೇ ಅದು ಕೆಟ್ಟಿತು. ಸತ್ಯಶುದ್ಧವಾಗಿ ದುಡಿಯುವ ಆಕೆಯದೂ ಕಾಯಕ. ಅದರಲ್ಲಿ ಮೇಲು ಕೀಳು ಇಲ್ಲ.

ಆದುದರಿಂದ ತರುಣರಿಗೆ ನಮ್ಮ ಅಪ್ಪಣೆ ಇಷ್ಟು. ಮೊದಲ ದಿನ ಆ ಬೀದಿಯ ಪೌರಕಾರ್ಮಿಕರನ್ನು ಅಕ್ಕ, ಅಣ್ಣ ಎಂದು ಕರೆದು, ಎಲ್ಲಿಂದ ಆರಂಭಿಸೋಣ ಎಂದು ಕೇಳಿರಿ. ಬೀದಿಯ ಶಾಸ್ತ್ರವನ್ನು ಬಲ್ಲವರು ಅವರು. ಕೆಲಸ ಮುಗಿದ ಮೇಲೆ ಅವರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿರಿ. ತಾಯಂದಿರಿಗೆ ಒಂದು ಮಾತು. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಬೇಕೆಂದು 2016ರಲ್ಲಿ ಬಂದ ನಿಯಮಗಳೂ ಹೇಳಿದವು. ನಿಯಮವಿರಲಿ, ದಯೆಯಿಂದಲೇ ಮಾಡಿರಿ. ಅನ್ನದ ಜೊತೆಗೆ ಒಡೆದ ಗಾಜು, ಬ್ಲೇಡು ಸೇರಿಸಿ ಎಸೆದರೆ ಕೊಯ್ಯುವುದು ಯಾರ ಕೈ ಎಂದು ಒಂದು ಕ್ಷಣ ನೆನೆಯಿರಿ.

ಭಾನುವಾರ ನಾವೂ ಬರುತ್ತೇವೆ. ನಮಗೆ ಕುರ್ಚಿ ಹಾಕಬೇಡಿ, ಕೊಡೆ ಹಿಡಿಯಬೇಡಿ. ಒಂದು ಕಸಬರಿಗೆ ತೆಗೆದಿಡಿ ಸಾಕು. ಊರು ಶುಚಿಯಾಗಲಿ, ಅದರೊಡನೆ ನಮ್ಮೆಲ್ಲರ ಕಣ್ಣೂ ಶುಚಿಯಾಗಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.

ಸರ್ವರಿಗೂ ಶುಭವಾಗಲಿ.