ಮುಪ್ಪಿನ ಕಿವಿ
(ಮಹೋತ್ಸವದ ಸೇವಾಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಷಟ್‌ಸ್ಥಲ ಶಾಸ್ತ್ರವು ಶ್ರೋತ್ರೇಂದ್ರಿಯದಲ್ಲಿ ಪ್ರಸಾದಲಿಂಗವನ್ನು ನೆಲೆಗೊಳಿಸಿ, ಶಬ್ದವು ಅದಕ್ಕೆ ಅರ್ಪಿಸತಕ್ಕ ಪದಾರ್ಥವೆಂದು ಹೇಳುವದು. ದೀಕ್ಷಾಕಾಲದಲ್ಲಿ ಗುರುವು ಮಂತ್ರವನ್ನು ಉಪದೇಶಿಸುವದೂ ಕಿವಿಯಲ್ಲಿಯೇ. ಇಂಥ ಇಂದ್ರಿಯವು ಮುಪ್ಪಿನಲ್ಲಿ ಕುಂದತೊಡಗಿದಾಗ, ಮನೆಯವರೂ ಆಶ್ರಮದವರೂ "ವಯಸ್ಸಾಯಿತು" ಎಂಬ ಒಂದೇ ಮಾತಿನಿಂದ ಅದನ್ನು ಬದಿಗೊತ್ತುವದು ವಿಷಾದದ ಸಂಗತಿ. ಕಣ್ಣಿಗೆ ಪೊರೆ ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರೇ ಕಿವಿ ಮಂದವಾದರೆ ನಗುವರು.

ವೃದ್ಧಾಶ್ರಮದ ಒಂದು ನೋಟವನ್ನು ಭಾವಿಸಿರಿ. ಸೇವಕಿಯು ಲೋಟವನ್ನಿರಿಸಿ ಹೋದವಳು ಬಾಗಿಲಲ್ಲಿ ನಿಂತು, "ಅಜ್ಜಾ, ಹಾಲು ಹೇಗಿದೆ?" ಎನ್ನುವಳು. "ರಾತ್ರಿಯೆಲ್ಲ ನೋಯುತ್ತಿತ್ತವ್ವಾ" ಎಂದು ಅಜ್ಜನ ಉತ್ತರ. ಸುತ್ತಲಿನವರು ನಗುವರು, ಅಜ್ಜನಿಗೆ ಅರಳುಮರಳೆಂದು ಅಂದಿನಿಂದ ಹೆಸರಾಗುವದು. ಅವನಿಗೆ ಕೇಳಿಸಿದ್ದು "ಕಾಲು". ಉತ್ತರದಲ್ಲಿ ಬುದ್ಧಿಯ ದೋಷವು ಕಿಂಚಿತ್ತೂ ಇಲ್ಲ, ಕಾಲುನೋವೂ ಸುಳ್ಳಲ್ಲ.

ಒಳಗಿವಿಯಲ್ಲಿ ಶಂಖದಂತೆ ಸುರುಳಿಗೊಂಡ ಅವಯವವೊಂದುಂಟು. ಅದರಲ್ಲಿ ಹುಟ್ಟುವಾಗ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿರುವವು. ಅಳಿದವು ಮನುಷ್ಯನಲ್ಲಿ ಮರಳಿ ಬೆಳೆಯವು. ಕೀಚು ಧ್ವನಿಗಳನ್ನು ಹಿಡಿಯುವ, ಸುರುಳಿಯ ಬುಡದ ಕೋಶಗಳೇ ಮೊದಲು ನಶಿಸುವದರಿಂದ, ಸ್ವರಗಳು ಕೇಳಿಸುತ್ತಿದ್ದರೂ ಸ, ಶ, ತ, ಕ ಮೊದಲಾದ ವ್ಯಂಜನಗಳು ಮಸುಕಾಗುವವು. ಹಾಲು, ಕಾಲು, ಸಾಲು ಮೂರೂ ಒಂದೇ ಆಗುವವು. "ಮಾತು ಕೇಳುತ್ತದೆ, ತಿಳಿಯುವದಿಲ್ಲ" ಎಂದು ಹಿರಿಯರು ದೂರುವದು ಇದರಿಂದಲೇ. ಕೂಗುವದರಿಂದ ಸ್ವರವು ಬಲಿಯುವದೇ ಹೊರತು ವ್ಯಂಜನವು ತಿಳಿಯಾಗದು. ಮೇಲಾಗಿ ಇಂಥ ಕಿವಿಗೆ ಗಟ್ಟಿ ಧ್ವನಿಯು ಬೇಗನೆ ಕರ್ಕಶವಾಗುವದು. ಆದುದರಿಂದಲೇ ಮೊದಲು "ಗಟ್ಟಿಯಾಗಿ ಹೇಳು" ಎಂದವರು ಮರುಕ್ಷಣ "ಯಾತಕ್ಕೆ ಅರಚುತ್ತೀ?" ಎಂದು ಸಿಡುಕುವರು.

ವಿಶ್ವ ಆರೋಗ್ಯ ಸಂಸ್ಥೆಯ ಎಣಿಕೆಯಂತೆ 60 ವರ್ಷ ಮೀರಿದವರಲ್ಲಿ ನಾಲ್ವರಲ್ಲೊಬ್ಬರಿಗಿಂತ ಹೆಚ್ಚು ಜನರಿಗೆ ಬಾಧಕವಾಗುವಷ್ಟು ಶ್ರವಣದೋಷವಿದೆ. ಅಂಥವರು ಪಂಕ್ತಿಯಿಂದಲೂ ಭಜನೆಯಿಂದಲೂ ಮೆಲ್ಲನೆ ಹಿಂದೆ ಸರಿದು ಗೋಡೆಗೆ ಮುಖ ಮಾಡುವರು. ಅಮೇರಿಕೆಯಲ್ಲಿ 70ರಿಂದ 84 ವಯಸ್ಸಿನ 977 ಜನರನ್ನು ಮೂರು ವರ್ಷ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಫಲವು ಗಮನಾರ್ಹವಾದುದು. ಶ್ರವಣಯಂತ್ರದಿಂದ ಎಲ್ಲರ ಸ್ಮೃತಿಗೂ ಲಾಭವಾದಂತೆ ಕಾಣಲಿಲ್ಲ. ಆದರೆ ಬುದ್ಧಿಮಾಂದ್ಯದ ಅಪಾಯವು ಹೆಚ್ಚಾಗಿದ್ದವರಲ್ಲಿ ಆ ಕ್ಷೀಣತೆಯು ಶೇಕಡಾ 48ರಷ್ಟು ನಿಧಾನವಾಯಿತು.

ನಾಡಿನಲ್ಲಿ ಅನುಕೂಲಗಳು ಇಲ್ಲದಿಲ್ಲ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. 2017ರ ರಾಷ್ಟ್ರೀಯ ವಯೋಶ್ರೀ ಯೋಜನೆಯು ಬಡ ವೃದ್ಧರಿಗೆ ಶ್ರವಣಯಂತ್ರವನ್ನು ಉಚಿತವಾಗಿ ಕೊಡಲೆಂದೂ ಏರ್ಪಟ್ಟಿತು. ಕೊರತೆಯಿರುವದು ಕೊಟ್ಟ ಮೇಲಿನ ಕೆಲಸದಲ್ಲಿ. ಗುಂಡಿಯಷ್ಟು ಚಿಕ್ಕ ಬ್ಯಾಟರಿಯು ಒಂದೆರಡು ವಾರಗಳಲ್ಲಿ ತೀರುವದು. ನಡುಗುವ ಬೆರಳುಗಳಿಗೆ ಅದನ್ನು ಬದಲಿಸುವದು ಸಾಧ್ಯವಾಗದು. ಗುಗ್ಗೆಯು ತುದಿಯನ್ನು ಮುಚ್ಚುವದು. ದಾನಿಗಳ ಭಾವಚಿತ್ರದೊಡನೆ ಬಂದ ಯಂತ್ರವು ಹೀಗೆ ಟ್ರಂಕಿನ ತಳವನ್ನು ಸೇರುವದು! ಕೆಲವರಿಗಂತೂ ಯಂತ್ರವೇ ಬೇಡ. ಗಟ್ಟಿಯಾಗಿ ಕೂತ ಗುಗ್ಗೆಯನ್ನು ವೈದ್ಯರಿಂದ ತೆಗೆಯಿಸಿದರೆ ಸಾಕು.

ಆಶ್ರಮವನ್ನು ನಡೆಯಿಸುವ ಮಠಗಳು ಈ ಸಣ್ಣ ಕೆಲಸವನ್ನು ಒಬ್ಬರ ನಿತ್ಯ ಕಾಯಕವಾಗಿ ನೇಮಿಸಬಹುದು: ಬೆಳಿಗ್ಗೆ ಯಂತ್ರವನ್ನು ಒರೆಸಿ ಕಿವಿಗೆ ತೊಡಿಸುವದು, ವಾರಕ್ಕೊಮ್ಮೆ ಬ್ಯಾಟರಿ ನೋಡುವದು. ಕಲ್ಲುಹಾಸಿನ ಊಟದ ಮನೆಯಲ್ಲಿ ತಟ್ಟೆಗಳ ಸದ್ದು ಮಾತನ್ನು ನುಂಗುವದು. ಟೀವಿಯನ್ನು ಆ ಹೊತ್ತಿಗಾದರೂ ನಿಲ್ಲಿಸಬೇಕು. ಮಾತನಾಡುವವರು ಎದುರಿಗೆ, ಬೆಳಕಿನಲ್ಲಿ ಮುಖವಿರಿಸಿ, ನಿಧಾನವಾಗಿ ನುಡಿಯಬೇಕು. ಸೇವಕಿಯು ಹತ್ತಿರ ಬಂದು ಲೋಟವನ್ನು ಮುಟ್ಟಿ ತೋರಿಸಿ ಕೇಳಿದರೆ, ಅಜ್ಜನು ಹಾಲಿನ ಮಾತನ್ನೇ ಆಡುವನು. ಕಾಲುನೋವಿನ ವಿಚಾರವನ್ನು ಅನಂತರ ತಾನೇ ಹೇಳಿಯಾನು.