ಬಚ್ಚಿಟ್ಟ ಅಲೆಯಲ್ಲಿ ಪುಸ್ತಕದ ಓದು

ರೇಡಿಯೋದಲ್ಲಿ ಪುಸ್ತಕ ಓದುವುದರಲ್ಲಿ ವಿಶೇಷವೇನು ಎಂದು ಯಾರಾದರೂ ಕೇಳಬಹುದು. ಕಣ್ಣು ಕಾಣದವರನ್ನು ನೆನೆಯಿರಿ. ಅಮೆರಿಕದಲ್ಲಿ 1930ರ ದಶಕದಿಂದಲೇ ಅವರಿಗಾಗಿ ‘ಮಾತಾಡುವ ಪುಸ್ತಕ’ಗಳ ಧ್ವನಿಮುದ್ರಿಕೆಗಳು ಅಂಚೆಯಲ್ಲಿ ಬರುತ್ತಿದ್ದವು. ಆದರೆ ಅವು ಕೈಸೇರುವ ಹೊತ್ತಿಗೆ ಊರಿನವರು ಆ ಪುಸ್ತಕ ಓದಿ ಮರೆತಿರುತ್ತಿದ್ದರು. ಆ ದಿನದ ಪತ್ರಿಕೆಯಂತೂ ದೂರದ ಮಾತು. ಮುಪ್ಪಿನಲ್ಲಿ ದೃಷ್ಟಿ ಕಳೆದುಕೊಂಡವರ ಬೆರಳಿಗೆ ಬ್ರೈಲ್ ಸುಲಭವಾಗಿ ಒಗ್ಗುವುದೂ ಇಲ್ಲ.

ಇದಕ್ಕೊಂದು ದಾರಿ ಕಂಡವರು ಮಿನ್ನೆಸೋಟ ರಾಜ್ಯದ ಅಂಧರ ಸೇವಾ ವಿಭಾಗದ ಸ್ಟ್ಯಾನ್ಲಿ ಪಾಟರ್. 1969ರ ಜನವರಿ 2ರಂದು ಅಲ್ಲಿ ‘ರೇಡಿಯೋ ಟಾಕಿಂಗ್ ಬುಕ್’ ಆರಂಭವಾಯಿತು. ಎಫ್.ಎಂ. ಕೇಂದ್ರವೊಂದರ ಮುಖ್ಯ ಕಾರ್ಯಕ್ರಮದ ಜೊತೆಗೇ ಇನ್ನೊಂದು ಉಪಅಲೆಯನ್ನು ಅಡಗಿಸಿ ಕಳಿಸಬಹುದು. ಸಾಧಾರಣ ರೇಡಿಯೋಗೆ ಅದು ಕೇಳಿಸದು. ಅಂಗಡಿಗಳಿಗೆ ಹಿನ್ನೆಲೆ ಸಂಗೀತ ಒದಗಿಸುತ್ತಿದ್ದ ಉಪಾಯವೇ ಇದು! ಕೇಳುಗರಿಗೆ ವಿಶೇಷ ರೇಡಿಯೋಗಳನ್ನು ಎರವಲು ಕೊಟ್ಟರು. ಸ್ವಯಂಸೇವಕರು ಪತ್ರಿಕೆ ಓದಿದರು, ಪುಸ್ತಕಗಳನ್ನು ದಿನಕ್ಕಿಷ್ಟೆಂದು ಕಂತುಕಂತಾಗಿ ಓದಿದರು. ನಮ್ಮ ಗಮಕಿಗಳಂತೆ ರಾಗ ಹಚ್ಚಿ, ಅರ್ಥ ಬಿಡಿಸಿ ಹೇಳುವ ಓದಲ್ಲ; ಪುಟದಲ್ಲಿದ್ದದ್ದು ಇದ್ದಂತೆ ಕಿವಿಗೆ.

ಎಲ್ಲರಿಗೂ ಕೇಳುವಂತೆ ಓದಿದರೆ ಲೇಖಕ, ಪ್ರಕಾಶಕರ ಹಕ್ಕಿನ ಪ್ರಶ್ನೆ ಏಳುತ್ತದೆ. 1976ರ ಅಮೆರಿಕದ ಕೃತಿಸ್ವಾಮ್ಯ ಕಾಯಿದೆ, ಲಾಭದ ಉದ್ದೇಶವಿಲ್ಲದೆ ಅಂಧರಿಗೆಂದೇ ಇಂಥ ಅಲೆಯಲ್ಲಿ ಪ್ರಸಾರವಾಗುವ ಓದಿಗೆ ವಿನಾಯಿತಿ ನೀಡಿತು. ನಾಟಕವಾದರೆ ಮಾತ್ರ ಪ್ರಕಟವಾಗಿ 10 ವರ್ಷ ಕಳೆದಿರಬೇಕು. ಅದನ್ನೂ ಒಂದು ಸಂಸ್ಥೆ ಒಂದೇ ಸಲ ಓದಬೇಕು. ವಿಚಿತ್ರವೇ ಸರಿ.

ಈ ಬೀಗಕ್ಕೆ ಕೇಳುಗರು ತೆತ್ತ ಬೆಲೆಯೂ ಇತ್ತು. ದೃಷ್ಟಿ ಇಲ್ಲವೆಂದು ದೃಢಪಡಿಸಿದ ಮೇಲೆಯೇ ಪೆಟ್ಟಿಗೆ ಕೈಗೆ ಬರುತ್ತಿತ್ತು. ಅದು ಕೆಟ್ಟರೆ, ದುರಸ್ತಿಯಾಗಿ ಬರುವವರೆಗೂ ಕಾದಂಬರಿ ಮುಂದೆ ಸಾಗುತ್ತಲೇ ಇರುತ್ತಿತ್ತು.